ಎರಡು ಬೆರಳಿನ ಬ್ರೇಕು

ನನ್ನ ಕಾಯಿಲೆಯನ್ನು ಎಲ್ಲರಿಗಿಂತ ಮೊದಲು ಗಮನಿಸಿದ್ದು ಡಾಕ್ಟರಲ್ಲ, ರಾಮಟೇಕದ ಒಂದು ಕಾಗೆ.

ನಾಗಪುರದಲ್ಲಿ ಮೌಂಟನ್ ಬೈಕ್ ಇಟ್ಟುಕೊಂಡವನ ಪಾಡು ಮರುಭೂಮಿಯಲ್ಲಿ ದೋಣಿ ಕೊಂಡವನ ಪಾಡು. ಊರು ಹಂಚಿನಷ್ಟು ಚಪ್ಪಟೆ, ಬೇಸಿಗೆಯಲ್ಲಿ ಹಂಚಿನಷ್ಟೇ ಬಿಸಿ. ಗುಡ್ಡ ಬೇಕೆಂದರೆ ಕಾಂಪ್ಟಿ, ಕನ್ಹಾನ್ ದಾಟಿ ಉತ್ತರಕ್ಕೆ ಹೋಗಬೇಕು. ಅಲ್ಲಿ ರಾಮಟೇಕದ ಗುಡ್ಡ, ಅದರ ಮೇಲೆ ಹಳೆಯ ಗುಡಿಗಳು, ಕೆಳಗೆ ಅಂಬಾಳಾ ಕೆರೆ, ಗುಡ್ಡದ ಆಚೆ ಕಣ್ಣಿಗೆ ದಡ ಸಿಗದಂಥ ಖಿಂಡಸಿ ಕೆರೆ, ಸುತ್ತಲೂ ತೇಗದ ಕಾಡು. ಅಷ್ಟು ಎತ್ತರಕ್ಕೆ ನಾನು ಹೆಲ್ಮೆಟ್ಟು, ಮೊಣಕಾಲಿಗೆ ಕವಚ, ಬಣ್ಣದ ಕನ್ನಡಕ ಎಲ್ಲ ಏರಿಸಿಕೊಂಡು ಹೋಗುತ್ತಿದ್ದೆ. ಅಜ್ಜಿಯರು ಹವಾಯಿ ಚಪ್ಪಲಿಯಲ್ಲಿ ಹತ್ತಿ ಇಳಿಯುವ ಗುಡ್ಡ ಅದು.

ಆ ಬೆಳಿಗ್ಗೆ ಗುಡ್ಡದ ಬೆನ್ನಿನಿಂದ ಅಂಬಾಳಾ ಕಡೆಗೆ ಇಳಿಯುವ ಕಲ್ಲುದಾರಿಯಲ್ಲಿ ನಾನು ಮುಂದೆ, ಗೆಳತಿ ಕೇತಕಿ ಹಿಂದೆ. ಕೇತಕಿ ಗಾಂಧಿಬಾಗಿನ ಬಟ್ಟೆ ವ್ಯಾಪಾರಿಯ ಮಗಳು. ನನಗಿಂತ ಚೆನ್ನಾಗಿ ಸೈಕಲ್ ಹೊಡೆಯುತ್ತಾಳೆ. ಅವಳು ಹಿಂದೆ ಬರುತ್ತಿದ್ದದ್ದು ನನ್ನ ಮರ್ಯಾದೆ ಕಾಯುವುದಕ್ಕೆ. ಕೊನೆಯ ತಿರುವಿನಲ್ಲಿ ಬ್ರೇಕ್ ಒತ್ತಿದೆ. ಒತ್ತಿದೆ ಅಂತ ನಾನು ಅಂದುಕೊಂಡೆ, ಸೈಕಲ್ ಹಾಗೆ ಅಂದುಕೊಳ್ಳಲಿಲ್ಲ.

ಕೆಳಗೆ ಕೆರೆಯ ಮೆಟ್ಟಿಲ ಮೇಲೆ ಒಂದು ಕುಟುಂಬದವರು ತೀರಿಕೊಂಡ ಅಜ್ಜನಿಗೆ ಪಿಂಡ ಇಟ್ಟು ಕಾಗೆಗಾಗಿ ಕಾಯುತ್ತಿದ್ದರು. ಕಾಗೆ ಬಂದು ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದುಬಿಟ್ಟಿದೆ ಎಂದು ಅರ್ಥ. ಆಗ ಮನೆಯವರು ಒಬ್ಬೊಬ್ಬರಾಗಿ ಕೈಮುಗಿದು ಮಾತು ಕೊಡುತ್ತ ಹೋಗುತ್ತಾರೆ. ಹೊಲ ಮಾರುವುದಿಲ್ಲ, ತಂಗಿಯ ಮದುವೆ ಮಾಡುತ್ತೇವೆ, ಅಣ್ಣತಮ್ಮಂದಿರು ಜಗಳಾಡುವುದಿಲ್ಲ, ಹೀಗೆ. ಬಹಳ ಮಾತು ಕೊಟ್ಟ ಮೇಲೆ ಒಂದು ಕಾಗೆ ಇಳಿದು, ಪಿಂಡದ ಕಡೆಗೆ ಇನ್ನೇನು ಕತ್ತು ಚಾಚಿತ್ತು. ಆಗ ನಾನು ಬಂದೆ. ಕಾಗೆ ನನ್ನ ಮುಖ ನೋಡಿತು, ಕೈ ನೋಡಿತು, ಈ ಕೈಯಿಂದ ಏನೂ ಆಗುವುದಿಲ್ಲ ಎಂದು ಗೊತ್ತಾದಂತೆ ಹಾರಿತು. ನಾನು ಪಿಂಡಗಳ ಪಕ್ಕದಿಂದಲೇ ಮೆಟ್ಟಿಲು ದಡದಡ ಇಳಿದು ಸೈಕಲ್ ಸಮೇತ ಕೆರೆ ಸೇರಿದೆ.

ಎದ್ದು ನಿಂತಾಗ ಸೊಂಟದವರೆಗೆ ನೀರು, ಹೆಲ್ಮೆಟ್ಟಿನ ಮೇಲೆ ಯಾರೋ ಬಿಟ್ಟ ಚೆಂಡುಹೂವಿನ ಮಾಲೆ. ಮೆಟ್ಟಿಲ ಮೇಲಿದ್ದ ಒಬ್ಬ ಮುದುಕಿ, ತೀರಿಕೊಂಡವರ ಹೆಂಡತಿಯೇ ಇರಬೇಕು, ನಿಧಾನವಾಗಿ ಅಂದಳು: "ಹ್ಯಾಂನಾ ಸೈಕಲ್ ಪಾಹಿಜೆ ಹೋತಿ." ಇವರಿಗೆ ಸೈಕಲ್ ಬೇಕಾಗಿತ್ತು ಅಂತ. ದೊಡ್ಡ ಮಗ ತಕ್ಷಣ ಕೈಮುಗಿದು, ಮೊಮ್ಮಗನಿಗೆ ಸೈಕಲ್ ಕೊಡಿಸುತ್ತೇವೆ ಅಪ್ಪಾ ಎಂದು ಮಾತು ಕೊಟ್ಟ. ಕಾಗೆ ಬಂತು. ಬಂದು ನೆಮ್ಮದಿಯಾಗಿ ತಿಂದಿತು. ಆ ಖುಷಿಗೆ ಅವರು ನನಗೊಂದು ಟವೆಲ್ ಕೊಟ್ಟು, ಊಟ ಮಾಡಿಕೊಂಡು ಹೋಗು ಅಂದರು.

ನಾನು ಬ್ರೇಕಿಗೆ ಬೈಯುತ್ತ ಕೂತಿದ್ದೆ. ಕೇತಕಿ ನನ್ನ ಸೈಕಲ್ ತೆಗೆದುಕೊಂಡು ಒಂದು ಸುತ್ತು ಹೊಡೆದು, ನನ್ನ ಮೂಗಿನ ಮುಂದೆ ಒಂದೇ ಬೆರಳಲ್ಲಿ ನಿಲ್ಲಿಸಿ ತೋರಿಸಿದಳು. "ಬ್ರೇಕ್ ಬರೋಬರ್ ಆಹೆ," ಅಂದಳು. ಬ್ರೇಕ್ ಸರಿಯಾಗೇ ಇದೆ. ಆಮೇಲೆ ತನ್ನ ಎರಡು ಬೆರಳು ಚಾಚಿ, ಗಟ್ಟಿಯಾಗಿ ಹಿಡಿ ಅಂದಳು. ಹಿಡಿದೆ. ಹಿಡಿ ಅಂದೆನಲ್ಲ ಅಂದಳು.

ನಾನು ಹಿಡಿದೇ ಇದ್ದೆ.

ಸುಳಿವು ಅದಕ್ಕೂ ಮೊದಲೇ ಸಿಕ್ಕಿತ್ತು. ಕೆಲವು ದಿನಗಳ ಹಿಂದೆ ಆಫೀಸಿನ ಗೆಳೆಯರ ಮುಂದೆ ಜಂಭ ತೋರಿಸಲು ಪಾಟೋಡಿ ರಸ್ಸಾ ಎಂಬ ಕಡಲೆಹಿಟ್ಟಿನ ತುಂಡುಗಳ ಖಾರದ ಸಾರಿನ ಮೇಲೆ ಇನ್ನೆರಡು ಸೌಟು ಖಾರದ ಎಣ್ಣೆ ಹುಯ್ಯಿಸಿಕೊಂಡು ತಿಂದು, ಆಮೇಲೆ ಬಾತ್‌ರೂಮನ್ನೇ ಕಾಯಂ ವಿಳಾಸ ಮಾಡಿಕೊಂಡಿದ್ದೆ. ಹೊಟ್ಟೆ ಸರಿಹೋದ ಮೇಲೆ ಪಾದ ಜುಮುಗುಟ್ಟಲು ಶುರುವಾಯಿತು. ಖಾರ ನಿಧಾನವಾಗಿ ಕೆಳಗೆ ಇಳಿಯುತ್ತಿದೆ ಎಂಬುದು ನನ್ನ ವೈದ್ಯಕೀಯ ತೀರ್ಮಾನ. ಒಂದು ಕಂಪನಿಯ ಗಿರಾಕಿಗಳ ಜೊತೆ ಇಡೀ ದಿನ ಫೋನಿನಲ್ಲಿ ಮಾತಾಡುವುದು ನನ್ನ ಕೆಲಸ. ಯಾವ ಸಮಸ್ಯೆಗಾದರೂ ಆತ್ಮವಿಶ್ವಾಸದಿಂದ ತಪ್ಪು ಉತ್ತರ ಕೊಡುವ ಅಭ್ಯಾಸ ನನಗಿದೆ.

ಅಂದು ರಾಮಟೇಕದಿಂದ ಮನೆ ಮುಟ್ಟಿದಾಗ ಮೆಟ್ಟಿಲು ಹತ್ತಲಾಗಲಿಲ್ಲ. ನಾಟಕ ಅಂತ ಅವ್ವ ಅಂದುಕೊಂಡಳು. ಅವಳ ತಪ್ಪಲ್ಲ, ಹೋಂವರ್ಕ್ ತಪ್ಪಿಸಲು ಹಿಂದೆ ನಾನು ಮೂರು ಬಾರಿ ಕುಂಟಿದ್ದೇನೆ, ಅದರಲ್ಲಿ ಒಮ್ಮೆ ಕಾಲು ಬದಲಾಗಿ ಸಿಕ್ಕಿಬಿದ್ದಿದ್ದೇನೆ. ಅವ್ವ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ, ಬಾಗಲಕೋಟೆ ಕಡೆಯವಳು. ಅಪ್ಪ ವಿಜಯಪುರದವರು, ಕೇಂದ್ರ ಸರಕಾರದ ಆಫೀಸಿನಲ್ಲಿ ಲೆಕ್ಕ ತಪಾಸಣೆ ಮಾಡುತ್ತಾರೆ. ಇಬ್ಬರು ಲೆಕ್ಕದವರ ನಡುವೆ ಹುಟ್ಟಿದ ಶೇಷ ನಾನು. ಮರುದಿನ ಬೆಳಿಗ್ಗೆ ಅಂಗಿಯ ಗುಂಡಿ ಹಾಕಲು ಬಾರದೆ ನಿಂತಿದ್ದನ್ನು ಕಂಡಾಗ ಅವ್ವನ ಮುಖದ ಸಿಟ್ಟು ಇಳಿಯಿತು. ಗುಂಡಿ ತಾನೇ ಹಾಕಿದಳು. ಮೇಲಿನಿಂದ ಕೆಳಗಿನವರೆಗೆ.

ಆಸ್ಪತ್ರೆಯ ನರರೋಗ ವಿಭಾಗದ ಕಾರಿಡಾರು ಒಂದು ಪುಟ್ಟ ದೇಶ. ಗೋಂದಿಯಾ, ಛಿಂದವಾಡಾ, ಬಾಲಾಘಾಟ್, ಎಲ್ಲೆಲ್ಲಿಂದಲೋ ಚಾಪೆ, ಸ್ಟೀಲ್ ಡಬ್ಬಿ ಹಿಡಿದು ಬಂದವರು. ನರಗಳಿಗೆ ವಿದ್ಯುತ್ ಹಾಯಿಸಿ ನೋಡುವ ಪರೀಕ್ಷೆಗೆ ಅಲ್ಲಿ ಎಲ್ಲರೂ 'ಕರೆಂಟ್ ಟೆಸ್ಟ್' ಅನ್ನುತ್ತಾರೆ. ಒಳಗೆ ಹೋದವರ ಕೂಗು ಹೊರಗೆ ಕೇಳುತ್ತದೆ, ಹೊರಗಿದ್ದವರು ಒಬ್ಬರನ್ನೊಬ್ಬರು ಮೊದಲು ಕಳಿಸುವ ದೊಡ್ಡತನ ತೋರಿಸುತ್ತಾರೆ. ಕುರ್ಚಿಯಲ್ಲಿ ಕೂತಿದ್ದ ನನಗೆ ಕತ್ತು ನಿಲ್ಲುತ್ತಿರಲಿಲ್ಲ. ಬಾಲಾಘಾಟದಿಂದ ಗಂಡನನ್ನು ಕರೆತಂದಿದ್ದ ಒಬ್ಬ ಹೆಂಗಸು ಎದ್ದು ಬಂದು, ತನ್ನ ಶಾಲು ಸುರುಳಿ ಸುತ್ತಿ ನನ್ನ ಕತ್ತಿನ ಹಿಂದೆ ಇಟ್ಟು, ಹೋಗಿ ತನ್ನ ಜಾಗದಲ್ಲಿ ಕೂತಳು. ಹೆಸರೂ ಕೇಳಲಿಲ್ಲ. ನಮ್ಮನ್ನು ಒಳಗೆ ಕರೆದಾಗ ಶಾಲು ಅಲ್ಲೇ ಬಿಟ್ಟು ಹೋದೆವು, ಥ್ಯಾಂಕ್ಸ್ ಹೇಳುವುದೂ ಮರೆಯಿತು.

ಡಾಕ್ಟರು ಜಿಬಿಎಸ್ ಅಂದರು. ಮೈಯ ಕಾವಲುಗಾರರೇ ದಾರಿ ತಪ್ಪಿ ಸ್ವಂತ ನರಗಳ ಮೇಲೆ ಬೀಳುವ ಕಾಯಿಲೆ. ಇದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ, ಬೇಕಾದವರು ಬೇರೆ ಕಡೆ ಓದಿಕೊಳ್ಳಲಿ. ಅವರು ಹಿಂದಿಯಲ್ಲಿ ಹೇಳಿದ್ದು ಮೂರೇ ಮಾತು: ಚಢೇಗಾ, ರುಕೇಗಾ, ಉತರೇಗಾ. ಹತ್ತುತ್ತದೆ, ನಿಲ್ಲುತ್ತದೆ, ಇಳಿಯುತ್ತದೆ. ಇದು ನಮ್ಮ ರಾಮಟೇಕದ ದಾರಿಯೇ ಆಯಿತಲ್ಲ ಸರ್ ಎಂದೆ. ಅವರು ನಕ್ಕರು. ಎಲ್ಲಿಯವರೆಗೆ ಹತ್ತುತ್ತದೆ ಎಂದು ಅಪ್ಪ ಕೇಳಿದರು. ಅದಕ್ಕೆ ಅವರು ನಗಲಿಲ್ಲ. ಕಾಲಿನಿಂದ ಹತ್ತಿ ಕೈಗೆ ಬಂದಿದೆ, ಎದೆಗೆ ಬಂದರೆ ಉಸಿರಿಗೆ ಯಂತ್ರ ಬೇಕಾಗುತ್ತದೆ, ನೋಡುತ್ತ ಇರಬೇಕು ಎಂದರು.

ನೋಡುತ್ತ ಇರುವುದಕ್ಕೆ ಅವರಲ್ಲಿ ಒಂದು ಸರಳ ಉಪಾಯವಿತ್ತು. ಉಸಿರು ಪೂರ್ತಿ ಎಳೆದುಕೊಂಡು ಒಂದೇ ಉಸಿರಿನಲ್ಲಿ ಎಷ್ಟು ಎಣಿಸಲಾಗುತ್ತದೋ ಎಣಿಸಬೇಕು. ಎಣಿಕೆ ಕಡಿಮೆಯಾಗುತ್ತ ಬಂದರೆ ಎದೆಯ ಬಲ ಹೋಗುತ್ತಿದೆ ಎಂದು ಅರ್ಥ. ಮೊದಲ ಸಲ ವಾರ್ಡಿನ ಡಾಕ್ಟರು ಬಂದು ಎಣಿಸು ಅಂದಾಗ ಅವ್ವ ಮಂಚದ ಪಕ್ಕ ನಿಂತಿದ್ದಳು. ಕಷ್ಟ ಬಂದಾಗ ಅವಳು ಬಾಗಲಕೋಟೆಗೆ ಹತ್ತಿರವಾಗುತ್ತಾಳೆ.

"ಕನ್ನಡದಾಗ ಎಣಸಪಾ. ಚಲೋ ಆಗತೈತಿ."

ಈಗ ಒಂದು ವಿಷಯ ಹೇಳಬೇಕು. ನಾನು ಹುಟ್ಟಿದ್ದು, ಕಲಿತದ್ದು ಎಲ್ಲ ನಾಗಪುರ. ಕನ್ನಡದಲ್ಲಿ ಊಟ ಕೇಳಬಲ್ಲೆ, ಜಗಳಾಡಬಲ್ಲೆ, ಮದುವೆಮನೆಯಲ್ಲಿ ಎದುರಾದ ಅತ್ತೆಯಂದಿರಿಂದ ತಪ್ಪಿಸಿಕೊಳ್ಳಬಲ್ಲೆ. ಈ ಬರಹದ ಕಾಗುಣಿತವನ್ನೂ ಅವ್ವನೇ ಕೆಂಪು ಪೆನ್ನಿನಿಂದ ತಿದ್ದಿದ್ದಾಳೆ. ಎಣಿಕೆ ಮಾತ್ರ ನಾನು ಶಾಲೆಯಲ್ಲಿ ಕಲಿತದ್ದು ಮರಾಠಿಯಲ್ಲಿ. ಅವ್ವನ ಮನಸ್ಸು ಮುರಿಯಬಾರದೆಂದು ಉಸಿರು ಎಳೆದುಕೊಂಡು ಒಂದು, ಎರಡು ಎಂದು ಹೊರಟೆ. ಹದಿನಾರರವರೆಗೆ ಭರ್ಜರಿಯಾಗಿ ಹೋಯಿತು. ಅಲ್ಲಿಂದ ಮುಂದೆ ಹದಿನೆಂಟೋ ಹದಿನೇಳೋ ತಿಳಿಯಲಿಲ್ಲ. ನಿಂತುಬಿಟ್ಟೆ. ಎದೆಯಲ್ಲಿ ಉಸಿರು ತುಂಬಿಕೊಂಡಿತ್ತು, ಹೇಳುವುದಕ್ಕೆ ಅಂಕಿ ಇರಲಿಲ್ಲ.

ಡಾಕ್ಟರ ಮುಖ ಬದಲಾಯಿತು. ಸಿಸ್ಟರನ್ನು ಕರೆದರು. ಸಿಸ್ಟರ್ ಮತ್ತೊಬ್ಬರನ್ನು ಕರೆದರು. ಐಸಿಯುದಲ್ಲಿ ಮಂಚ ಖಾಲಿ ಇದೆಯೇ ಎಂದು ಯಾರೋ ಫೋನು ಹಚ್ಚಿದರು. ಅವ್ವ ಗೋಡೆ ಹಿಡಿದಳು. ಲೆಕ್ಕ ತಪಾಸಣೆಯವರು ಇಂಥ ಹೊತ್ತಿಗೇ ಬೇಕು. ಅಪ್ಪ ನನ್ನ ಮುಖವನ್ನೇ ನೋಡುತ್ತ ಇದ್ದು ಕೇಳಿದರು:

"ಉಸರ ಮುಗದೈತೋ, ಅಂಕಿ ಮುಗದಾವೋ?"

ಅಂಕಿ ಅಂದೆ. ಮರಾಠಿಯಲ್ಲಿ ಎಣಿಸು ಅಂದರು. ಏಕ್, ದೋನ್, ತೀನ್ ಎಂದು ಶುರು ಮಾಡಿ ಡಾಕ್ಟರಿಗೆ ಸಾಕು ಅನ್ನಿಸುವಷ್ಟು ಎಣಿಸಿದೆ. ಅವರು ಹಣೆ ಒರೆಸಿಕೊಂಡು, ಇನ್ನು ಮುಂದೆ ಈ ರೋಗಿ ಮರಾಠಿಯಲ್ಲೇ ಎಣಿಸತಕ್ಕದ್ದು ಎಂದು ಸಿಸ್ಟರಿಗೆ ಆದೇಶ ಕೊಟ್ಟರು. ಇಡೀ ವಾರ್ಡು ನಕ್ಕಿತು. ಅವ್ವನೂ ನಕ್ಕಳು. ನನಗಂತೂ ಗೆದ್ದ ಹಾಗೆ ಅನ್ನಿಸಿತು.

ಮರುದಿನ ಮಧ್ಯಾಹ್ನ ಮರಾಠಿಯಲ್ಲೂ ನಾನು ಸೋಳಾಕ್ಕೇ ನಿಂತೆ. ಸೋಳಾ ಅಂದರೆ ಹದಿನಾರು. ಮುಂದಿನ ಅಂಕಿ ನಾಲಗೆಯ ತುದಿಯಲ್ಲಿತ್ತು, ಸತರಾ, ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಹೊರಗೆ ತರುವ ಗಾಳಿ ಇರಲಿಲ್ಲ.

ಐಸಿಯುದಲ್ಲಿ ಮುಖಕ್ಕೆ ಗಾಳಿಯ ಮುಸುಕು ಬಿಗಿದರು. ಕೈಗೆ ಸೂಜಿ ಹಾಕಿ ಬಾಟಲಿಯ ಮೇಲೆ ಬಾಟಲಿ ಔಷಧ ಹರಿಸಿದರು. ಮೈಯಲ್ಲಿ ಮಾತು ಕೇಳುತ್ತಿದ್ದದ್ದು ಕಣ್ಣಿನ ರೆಪ್ಪೆ ಮತ್ತು ಎಡಗೈ ಹೆಬ್ಬೆರಳು. ಮಾತೇ ಹೊಟ್ಟೆಪಾಡಾದವನಿಗೆ ದನಿ ಹೋದರೆ ಹೇಗಿರುತ್ತದೆಂದು ಹೇಳುತ್ತೇನೆ. ತಲೆಯೊಳಗೆ ಒಂದರ ಮೇಲೊಂದು ಜೋಕು ಬರುತ್ತವೆ, ಒಂದೂ ಹೊರಗೆ ಹೋಗುವುದಿಲ್ಲ. ಎದುರಿನ ಗಡಿಯಾರ ನೋಡಿ, ಇದಕ್ಕೂ ಜಿಬಿಎಸ್ ಆಗಿದೆ ಅಂತ ಹೇಳಬೇಕೆನ್ನಿಸುತ್ತದೆ. ಕೇಳುವವರಿಲ್ಲ. ಆಗ ಆ ಜೋಕುಗಳ ಕೆಳಗೆ ಏನಿತ್ತು ಎಂದು ಗೊತ್ತಾಗುತ್ತದೆ. ನಾನು ಸಾಯಬಹುದು ಎಂಬುದಿತ್ತು. ಬದುಕಿದರೂ ಹೀಗೇ ಉಳಿಯಬಹುದು ಎಂಬುದಿತ್ತು. ಅದನ್ನು ನೋಡಿಯೂ ನೋಡದಂತೆ ಮಲಗಿದೆ, ಬೇರೆ ಕಡೆ ತಿರುಗಲು ಕತ್ತು ಇರಲಿಲ್ಲವಾದ್ದರಿಂದ ಬಹಳ ಹೊತ್ತು ನೋಡಬೇಕಾಯಿತು.

ಕೇರಳದ ಸಿಸ್ಟರ್ ಒಬ್ಬರಿದ್ದರು. ಮಗ್ಗುಲು ಬದಲಾಯಿಸುವಾಗ ಪ್ರತಿ ಸಲವೂ, ಈಗ ಬಲಕ್ಕೆ, ಈಗ ದಿಂಬು, ಎಂದು ಮೊದಲೇ ಹೇಳುತ್ತಿದ್ದರು. ಮಲಗಿದವನಿಗೆ ಹೇಳಿ ಮುಟ್ಟುವುದು ಎಂಥ ದೊಡ್ಡ ಉಪಕಾರ ಎಂದು ಮಲಗಿದವನಿಗೇ ಗೊತ್ತು.

ಅಲ್ಲಿಗೆ ಹತ್ತುವುದು ನಿಂತಿತು. ಯಂತ್ರದ ನಳಿಕೆ ಗಂಟಲಿಗೆ ಹೋಗುವ ಒಂದು ಮೆಟ್ಟಿಲು ಮೊದಲು ನಿಂತಿತು. ಯಾಕೆ ಅಲ್ಲಿ ನಿಂತಿತು ಎಂದು ಯಾರೂ ಹೇಳಲಾರರು. ದಿನಕ್ಕೊಂದು, ಎರಡು ಎಂದು ಎಣಿಕೆ ಏರತೊಡಗಿತು. ಮುಸುಕು ತೆಗೆದ ಮೇಲೆ ಒಂದು ಸಂಜೆ, ಅವ್ವ ಒಳಗೆ ಬಂದಾಗ, ನಾನು ಕೀರಲು ದನಿಯಲ್ಲಿ ಕನ್ನಡದಲ್ಲೇ ಎಣಿಸಿ ತೋರಿಸಿದೆ. ಇಪ್ಪತ್ತರವರೆಗೆ. ಅವ್ವ ನನ್ನ ತುಟಿಯನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ಸೆರಗಿನಿಂದ ನನ್ನ ಗದ್ದ ಒರೆಸಿದಳು.

"ಹದಿನೇಳು ಮತ್ತ ಬಿಟ್ಟಿ," ಅಂದಳು.

ಮನೆಗೆ ಬಂದದ್ದು ಗಾಲಿಕುರ್ಚಿಯಲ್ಲಿ. ಬಾಲ್ಕನಿಯಲ್ಲಿ ನನ್ನ ಸೈಕಲ್ ಇತ್ತು, ಎರಡೂ ಗಾಲಿಯಲ್ಲಿ ಗಾಳಿ ಕಲ್ಲಿನಷ್ಟು ಗಟ್ಟಿ. ಆ ಸೈಕಲ್ಲನ್ನು ಅಪ್ಪ ಎಂದೂ ಹೆಸರು ಹಿಡಿದು ಕರೆದವರಲ್ಲ, 'ಆ ಕಬ್ಬಿಣ' ಅನ್ನುತ್ತಿದ್ದರು. ನಾನು ಆಸ್ಪತ್ರೆಯಲ್ಲಿದ್ದಾಗ ಬಟ್ಟೆ ಬದಲಾಯಿಸಲು ಮನೆಗೆ ಬಂದಾಗಲೆಲ್ಲ ಪಂಪು ಹಿಡಿದು ಕೂರುತ್ತಿದ್ದರಂತೆ. ಕೇಳಿದರೆ, ಗಾಳಿ ಇಳಿದರೆ ರಬ್ಬರ್ ಹಾಳಾಗುತ್ತದೆ ಎಂದಷ್ಟೇ ಹೇಳಿ ಪೇಪರ್ ತೆರೆದರು.

ಅವ್ವನದು ಬೇರೆ ನಿಲುವು. ಕಾಲಿಗೆ ಸ್ವಲ್ಪ ಬಲ ಬಂದು, ಗೋಡೆ ಹಿಡಿದು ಅಡುಗೆಮನೆಯವರೆಗೆ ನಡೆಯುವ ಹಂತಕ್ಕೆ ಬಂದಾಗ, ಮತ್ತೆ ಸೈಕಲ್ ಹೊಡೆಯುತ್ತೇನೆ ಅಂದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಹೊಡ್ಯಾಕ ಯಾರಿಗೆ ಬರಂಗಿಲ್ಲ? ನಿಲ್ಲಸಾಕ ಬರತೈತೇನ್ ನಿನಗ?"

ಅಷ್ಟೇ ಪ್ರಶ್ನೆ. ಕೆರೆಗೆ ಬಿದ್ದ ಕಥೆಯನ್ನು ಎಲ್ಲರೂ ನಗುತ್ತ ಕೇಳಿದ್ದರು. ಅವ್ವ ಮಾತ್ರ ಅದರಲ್ಲಿ, ನನ್ನ ಮಗ ಒತ್ತಿದ, ಅದು ನಿಲ್ಲಲಿಲ್ಲ ಎಂಬ ಎರಡು ಮಾತು ಹಿಡಿದುಕೊಂಡಿದ್ದಳು. ಕೈಗೆ ಬ್ರೇಕ್ ಹಿಡಿಯುವ ಬಲ ಬರುವವರೆಗೆ ಬಾಲ್ಕನಿಯ ಬಾಗಿಲು ದಾಟುವಂತಿಲ್ಲ. ಬರುತ್ತದೆಯೇ ಎಂದರೆ ಡಾಕ್ಟರೂ, ಬಹಳ ಜನರಿಗೆ ಬರುತ್ತದೆ, ಕೆಲವರಿಗೆ ಪೂರ್ತಿ ಬರುವುದಿಲ್ಲ ಎಂದಿದ್ದರು. ಬಲಗೈಯ ಬೆರಳುಗಳು ಆಗ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಜೋತಾಡುತ್ತಿದ್ದವು.

ಫಿಸಿಯೋ ಸಹನಾ ಮನೆಗೆ ಬರತೊಡಗಿದರು. ಮೈಸೂರಿನವರು, ನಾಗಪುರಕ್ಕೆ ಹೊಸಬರು. "ಸ್ವಲ್ಪ ಪ್ರಯತ್ನ ಮಾಡೋಣ್ವಾ?" ಎಂದು ಅವರು ಕೇಳಿದಾಗಲೆಲ್ಲ ಅವ್ವ ಅಡುಗೆಮನೆಯಲ್ಲಿ, ಎಷ್ಟು ನಾಜೂಕು ಮಾತಾಡತಾಳವಾ ಎಂದು ಗೊಣಗುತ್ತಿದ್ದಳು. ಸಹನಾ ಬೆರಳಿಗೆ ಬಲ ಬರಲು ಹಸಿರು ಬಣ್ಣದ ಮೆತ್ತನೆಯ ಮುದ್ದೆಯೊಂದನ್ನು ಕೊಟ್ಟು, ಹಿಚುಕಿ, ತಟ್ಟಿ, ಬೆರಳು ಅಗಲಿಸಿ ಚಪ್ಪಟೆ ಮಾಡಿ ಅಂದರು. ಅವ್ವ ಬಾಗಿಲಲ್ಲಿ ನಿಂತು ನೋಡಿದಳು.

"ಇದನ್ನ ಮಾಡಿ ಕಡೀಕೆ ತಿನ್ನಾಕ ಬರತೈತೇನ್ರಿ?"

"ಇಲ್ಲಮ್ಮ, ಇದು ತಿನ್ನೋದಲ್ಲ."

"ಮತ್ತ ಸುಳ್ಳ ಯಾಕ ಬಡೀಬೇಕು? ಮನ್ಯಾಗ ಜ್ವಾಳದ ಹಿಟ್ಟೈತಿ."

ಸಹನಾ ನಗುತ್ತಾರೆ ಅಂದುಕೊಂಡೆ. ಅವರು ಯೋಚನೆ ಮಾಡಿದರು. ಅವ್ವನ ಕೈಯಿಂದ ಒಂದು ರೊಟ್ಟಿ ಮಾಡಿಸಿ, ಮಗ್ಗುಲಲ್ಲಿ ಕೂತು ನೋಡಿದರು. ಹಿಟ್ಟು ನಾದುವುದು ಮುಷ್ಟಿಗೆ, ಬಡಿಯುವುದು ಮಣಿಕಟ್ಟಿಗೆ, ಅಂಗೈಯಲ್ಲೇ ತಿರುಗಿಸುತ್ತ ಹೋಗುವುದು ಬೆರಳಿಗೆ, ನಿಂತು ಮಾಡಿದರೆ ಕಾಲಿಗೆ. ಹಂಚಿನ ಹತ್ತಿರ ಮಾತ್ರ ಹೋಗಕೂಡದು, ಬೆರಳಿಗೆ ಬಿಸಿ ಇನ್ನೂ ಸರಿಯಾಗಿ ತಿಳಿಯುತ್ತಿಲ್ಲ ಎಂದು ಕಟ್ಟುನಿಟ್ಟು ಮಾಡಿ ಹಸಿರು ಮುದ್ದೆ ಚೀಲಕ್ಕೆ ಹಾಕಿಕೊಂಡರು. ಹೀಗೆ ವಿದರ್ಭದ ಮೌಂಟನ್ ಬೈಕಿನ ಭವಿಷ್ಯ ಜೋಳದ ಹಿಟ್ಟಿಗೆ ಬಿತ್ತು.

ಜೋಳದ ರೊಟ್ಟಿ ನೋಡಲು ಸುಲಭ. ಗೋಧಿಯ ಹಾಗೆ ಅದಕ್ಕೆ ಅಂಟಿಲ್ಲ, ಲಟ್ಟಣಿಗೆಗೆ ಬಗ್ಗುವುದಿಲ್ಲ, ಎರಡೂ ಕೈ ಒಂದೇ ತೂಕದಲ್ಲಿ ಬೀಳದಿದ್ದರೆ ಅಂಚು ಹರಿಯುತ್ತದೆ. ಒಂದು ಕೈ ಸೋಮಾರಿಯಾದರೆ ರೊಟ್ಟಿ ಚಾಡಿ ಹೇಳುತ್ತದೆ. ನನ್ನ ಮೊದಲ ರೊಟ್ಟಿ ಎಡಕ್ಕೆ ಕಾಗದ, ಬಲಕ್ಕೆ ಇಟ್ಟಿಗೆ. ಎರಡನೆಯದು ಹಂಚಿಗೆ ಹೋಗುವ ದಾರಿಯಲ್ಲೇ ಮೂರಾಯಿತು. ಒಂದು ದಿನ ಏನೋ ಆಕಾರವಿರುವ ರೊಟ್ಟಿ ತಟ್ಟೆಗೆ ಬಂದಾಗ ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಮಹಾರಾಷ್ಟ್ರ ಬರೋಬರ್ ಬಂದೈತಿ, ಬೆಳಗಾವಿ ಯಾವ ಕಡೆ ಹಾಕೀದಿ ಎಂದು ಕೇಳಿದರು. ಆ ಭಾಗ ಮುರಿದುಕೊಂಡು ತಾವೇ ತಿಂದರು. ಕೇತಕಿ ಬಂದಾಗಲೆಲ್ಲ ಪಿಠಲ ಎಂಬ ಕಡಲೆಹಿಟ್ಟಿನ ಪಲ್ಯದ ಜೊತೆ ನನ್ನ ರೊಟ್ಟಿ ತಿಂದು, ಬ್ರೇಕ್ ಪ್ಯಾಡಿಗೆ ಇದಕ್ಕಿಂತ ಒಳ್ಳೆಯ ವಸ್ತು ಸಿಗುವುದಿಲ್ಲ ಅನ್ನುತ್ತಿದ್ದಳು.

ತಿಂಗಳುಗಳು ಹೋದವು. ನಡುವೆ ಏನೂ ಮುಂದೆ ಹೋಗದ ವಾರಗಳಿದ್ದವು. ಒಂದು ಮಧ್ಯಾಹ್ನ ಬಲಗೈ ಮೇಲಕ್ಕೇ ಏಳದೆ, ಹಿಟ್ಟನ್ನು ಗೋಡೆಗೆ ಎಸೆದೆ. ಎಸೆಯುವ ಬಲವೂ ಇರಲಿಲ್ಲವಾದ್ದರಿಂದ ಅದು ಗೋಡೆ ಮುಟ್ಟದೆ ನನ್ನ ಕಾಲ ಮೇಲೇ ಬಿತ್ತು. ಅವ್ವ ಅದನ್ನು ಎತ್ತಿ ಹಾಕಿ, ಹೊಸ ಹಿಟ್ಟಿಗೆ ಬಿಸಿನೀರು ಹುಯ್ದು ನನ್ನ ಮುಂದೆ ಇಟ್ಟಳು. ಸಮಾಧಾನ ಹೇಳಲಿಲ್ಲ. ಅವಳು ಶಾಲೆಯಲ್ಲೂ ಹಾಗೇ, ಲೆಕ್ಕ ತಪ್ಪಿದ ಹುಡುಗರಿಗೆ ಅದೇ ಲೆಕ್ಕ ಮತ್ತೆ ಕೊಡುತ್ತಾಳೆ.

ಕೊನೆಗೆ ಒಂದು ರೊಟ್ಟಿ ಗುಂಡಗೆ ಬಂತು. ಹಂಚಿನ ಮೇಲೆ ಅವ್ವ ಹಾಕಿದಾಗ ಪೂರ್ತಿ ಉಬ್ಬಿತು. ಎರಡೂ ಕೈ ಒಂದೇ ತೂಕಕ್ಕೆ ಬಂದಿವೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಬೇಕಿರಲಿಲ್ಲ. ಫೋಟೋ ತೆಗೆದು ನನಗೆ ಗೊತ್ತಿದ್ದ ಎಲ್ಲರಿಗೂ ಕಳಿಸಿದೆ. ನನ್ನ ಮ್ಯಾನೇಜರು, ಯಾರ ಮದುವೆ ಎಂದು ಕೇಳಿದ. ನಾನು ಪಾಸಾದ ಯಾವ ಪರೀಕ್ಷೆಗೂ ಅಷ್ಟು ಬೀಗಿದವನಲ್ಲ.

ಅವ್ವನಿಗೆ ಅದು ಸಾಕಾಗಲಿಲ್ಲ. ನಮ್ಮ ಬಿಲ್ಡಿಂಗಿನ ನೆಲಮಾಳಿಗೆಯ ಪಾರ್ಕಿಂಗಿಗೆ ಒಂದು ಇಳಿಜಾರಿದೆ. ಭಾನುವಾರ ಬೆಳಿಗ್ಗೆ ಸೈಕಲ್ ಅಲ್ಲಿಗೆ ತರಿಸಿದಳು. ತಾನು ಇಳಿಜಾರಿನ ಕೆಳಗೆ, ನಟ್ಟನಡುವೆ ಹೋಗಿ ನಿಂತಳು.

"ನಾ ಇಲ್ಲೆ ನಿಂದರತೀನಿ. ಮ್ಯಾಲಿಂದ ಬಾ."

"ಅವ್ವಾ, ಸರಕೋ. ನನಗ ಹೆದರಿಕಿ ಆಗತೈತಿ."

"ನನಗ ಆಗಂಗಿಲ್ಲೇನು? ಬಾ."

ಬಂದೆ. ಕೇತಕಿಯಂಥವರು ಸ್ಟೈಲಿಗೆ ಒಂದೇ ಬೆರಳಲ್ಲಿ ಬ್ರೇಕ್ ಹಿಡಿಯುತ್ತಾರೆ. ಸಹನಾ ನನಗೆ ಎರಡೆರಡು ಬೆರಳು ಇಡಲು ಹೇಳಿದ್ದರು. ನಾಲ್ಕು ಬೆರಳಿನ ಬಲ ಪೂರ್ತಿ ಹಾಕಿದೆ. ಸೈಕಲ್ ನಿಧಾನವಾಯಿತು, ಇನ್ನೂ ನಿಧಾನವಾಯಿತು, ಮುಂದಿನ ಗಾಲಿ ಅವ್ವನ ಸೀರೆಯ ನೆರಿಗೆಗೆ ಒತ್ತಿ ನಿಂತಿತು. ಅವಳು ಒಂದು ಅಂಗುಲವೂ ಸರಿದಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದಳು.

ಕಣ್ಣು ತೆರೆದು, ಗಾಲಿ ಸೀರೆ ಮುಟ್ಟಿದೆ, ಇವತ್ತು ಬೇಡ ಅಂದಳು. ಮತ್ತೆ ಹಿಟ್ಟು, ಮತ್ತೆ ಬಿಸಿನೀರು. ಆಮೇಲೆ ಎಷ್ಟೋ ಭಾನುವಾರ ಅವಳು ಅದೇ ಜಾಗದಲ್ಲಿ ನಿಂತಳು. ಕಾರು ತೆಗೆಯಲು ಬಂದ ನೆರೆಯವರು ತಾಯಿಗೂ ಮಗನಿಗೂ ಒಟ್ಟಿಗೇ ತಲೆ ಕೆಟ್ಟಿದೆ ಎಂದುಕೊಂಡು ಹಾರ್ನ್ ಕೂಡ ಮಾಡದೆ ಕಾಯುತ್ತಿದ್ದರು. ಒಂದು ದಿನ ಗಾಲಿ ಅವಳಿಂದ ಒಂದು ಮಾರು ದೂರದಲ್ಲಿ ನಿಂತಿತು. ಅವಳ ಕಣ್ಣು ಆ ದಿನ ತೆರೆದೇ ಇದ್ದವು.

"ಹೋಗ್ ರಾಮಟೇಕಕ್ಕ," ಅಂದಳು. "ಆ ಕೇತಕಿ ನಿನ್ನ ಮುಂದ ಇರಲಿ."

ಕೇತಕಿ ಒಪ್ಪಲಿಲ್ಲ. ಬ್ರೇಕ್ ಹಿಡಿಯದಿದ್ದರೆ ಬಡಿದುಕೊಳ್ಳಲು ಮುಂದೆ ಮೆತ್ತಗೆ ಏನಾದರೂ ಇರಲಿ ಎಂಬುದು ನಿಮ್ಮ ಅವ್ವನ ಲೆಕ್ಕ, ನಾನು ಹಿಂದೆಯೇ ಬರುತ್ತೇನೆ ಅಂದಳು.

ಚಳಿ ಇನ್ನೂ ಇದ್ದ ದಿನಗಳು. ಮೊದಲು ನಗರಧನದ ಕೋಟೆ. ಒಂದು ಕಾಲದಲ್ಲಿ ರಾಜಧಾನಿಯಾಗಿತ್ತು ಅನ್ನುತ್ತಾರೆ. ಈಗ ಗೋಡೆಯ ಮೇಲೆ ಗಿಳಿಗಳು, ಬಾಗಿಲಲ್ಲಿ ಮೇಕೆಗಳು. ಕೋಟೆಯ ಸುತ್ತ ಮಣ್ಣುದಾರಿಯಲ್ಲಿ ಒಂದು ಸುತ್ತು ಹಾಕಿ ಕಾಲು ನೋಡಿಕೊಂಡೆ. ಎರಡೂ ಇದ್ದವು. ಕಾಲಿನ ಹೆಬ್ಬೆರಳುಗಳು ಇಂದಿಗೂ ಮರಗಟ್ಟಿಯೇ ಇವೆ, ಅವುಗಳನ್ನು ಬಾಡಿಗೆಗೆ ಕೊಟ್ಟಿದ್ದೇನೆ ಅಂದುಕೊಂಡಿದ್ದೇನೆ. ಅಲ್ಲಿಂದ ಮನಸರ. ಸಾವಿರಕ್ಕೂ ಹೆಚ್ಚು ವರ್ಷ ಮಣ್ಣೊಳಗಿದ್ದು ಹೊರಗೆ ಬಂದ ಇಟ್ಟಿಗೆಯ ಗುಡಿ, ಮೆಟ್ಟಿಲು, ಗೋಡೆ ದಿಬ್ಬದ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದವು. ಅಲ್ಲಿ ಸೈಕಲ್ ಕೆಳಗೇ ಬಿಟ್ಟು ನಡೆದು ಹತ್ತಿದೆವು. ಅರ್ಧದಲ್ಲಿ ನಾನು ಕೂತೆ. ಕೇತಕಿ ನೀರು ಕೊಟ್ಟು, ಈ ಇಟ್ಟಿಗೆಗಳೇ ಇಷ್ಟು ನಿಧಾನ ಎದ್ದಿವೆ, ನಿನಗೇನು ಅವಸರ ಅಂದಳು. ಅವಳು ನನಗೆ ಹೇಳಿದ ಒಂದೇ ಒಂದು ಒಳ್ಳೆಯ ಮಾತು ಅದು, ಅದಕ್ಕೇ ಬರೆದಿಡುತ್ತಿದ್ದೇನೆ.

ಖಿಂಡಸಿಯ ಮೇಲಿನ ಗುಡ್ಡಕ್ಕೆ ಬಂದಾಗ ಬಿಸಿಲು ಏರಿತ್ತು. ತೇಗದ ಎಲೆ ಒಣಗಿ ದಾರಿಯ ತುಂಬ ಬಿದ್ದಿದ್ದವು, ಗಾಲಿ ಹಾಯ್ದರೆ ಹಪ್ಪಳ ಮುರಿದ ಸದ್ದು. ಮರಗಳ ಸಂದಿಯಲ್ಲಿ ಕೆರೆ ಕಾಣುತ್ತಿತ್ತು, ನಡುವೆ ಕಲ್ಲು ಎದ್ದ ಕಡಿದಾದ ಇಳಿಜಾರು. ಬಲಗೈ ಆಗಲೇ ನಡುಗುತ್ತಿತ್ತು. ಪಾರ್ಕಿಂಗಿನಲ್ಲಿ ಕೈ ಹೀಗೆ ದಣಿದಿರಲಿಲ್ಲ. ಇಳಿದು ಸೈಕಲ್ ನಡೆಸಿಕೊಂಡು ಹೋಗಬಹುದಿತ್ತು. ಸಹನಾ ಹಾಗೇ ಮಾಡಿ ಎಂದೂ ಹೇಳಿದ್ದರು. ಬೇರೆ ದಿನಗಳಲ್ಲಿ ಹಾಗೆ ಮಾಡಿದ್ದೇನೆ, ಮುಂದೆಯೂ ಮಾಡುತ್ತೇನೆ. ಅಂದು ಕೈಯನ್ನು ತೊಡೆಗೆ ಒತ್ತಿಕೊಂಡು, ನಡುಕ ಇಳಿಯುವವರೆಗೆ ಕಾದೆ. ಆಮೇಲೆ ಎರಡೆರಡು ಬೆರಳು ಬ್ರೇಕಿನ ಮೇಲೆ ಇಟ್ಟು ಬಿಟ್ಟೆ.

ಗಾಲಿ ಕಲ್ಲಿನಿಂದ ಕಲ್ಲಿಗೆ ಇಳಿಯಿತು. ಒಂದು ಮರ ಹೋಯಿತು, ಇನ್ನೊಂದು ಹೋಯಿತು, ವೇಗ ಏರಿತು. ಎಲ್ಲಕ್ಕಿಂತ ಕಡಿದಾದ ಜಾಗ ಬಂದಾಗ, ಅಲ್ಲಿ ನಿಲ್ಲಲು ಯಾವ ಕಾರಣವೂ ಇರಲಿಲ್ಲ, ಒತ್ತಿದೆ. ಬೆರಳು ಮಡಚಿದವು. ಲಿವರ್ ಒಳಗೆ ಹೋಯಿತು. ಎಲೆ, ಮಣ್ಣು, ಸಣ್ಣ ಕಲ್ಲು ಎಲ್ಲ ನನ್ನನ್ನು ದಾಟಿ ಕೆಳಗೆ ಉರುಳಿಹೋದವು. ನಾನು ಹೋಗಲಿಲ್ಲ. ಒಂದು ಕಾಲು ನೆಲಕ್ಕೆ ಊರಿ ನಿಂತಿದ್ದೆ.

ಹಿಂದಿನಿಂದ ಕೇತಕಿ ಕಿರ್ರನೆ ಜಾರಿ, ನನಗೆ ಬಡಿಯುವುದು ತಪ್ಪಿಸಲು ಹೋಗಿ ಪೊದೆಗೆ ನುಗ್ಗಿದಳು. ಹೊರಗೆ ಬಂದು, ಮರಾಠಿಯಲ್ಲಿ ನನ್ನ ಮೂರು ತಲೆಮಾರನ್ನು ವಿಚಾರಿಸಿ, ಮುಂದೆ ಏನು ಬಂತು ಎಂದು ಕೇಳಿದಳು. ಹಾವೇ, ಹಂದಿಯೇ.

"ಕಾಹೀ ನಾಹೀ," ಅಂದೆ. ಏನೂ ಇಲ್ಲ.

ಅವಳು ನನ್ನ ಮುಖ ನೋಡಿದಳು, ಬ್ರೇಕಿನ ಮೇಲಿದ್ದ ಬೆರಳು ನೋಡಿದಳು. ತಲೆಗೆ ಸಿಕ್ಕಿದ್ದ ಎಲೆ ಕಿತ್ತುಕೊಳ್ಳುತ್ತ, ನಡಿ ಅಂದಳು. ನಡೆದೆ. ಹತ್ತು ಮಾರು ಹೋಗಿ ಮತ್ತೆ ನಿಲ್ಲಿಸಿದೆ. ಈ ಸಲ ಅವಳು ದೂರ ಬಿಟ್ಟುಕೊಂಡಿದ್ದಳು. ಮತ್ತೆ ಹೊರಟೆ, ಮತ್ತೆ ನಿಲ್ಲಿಸಿದೆ. ಕೆರೆಯ ದಡ ಮುಟ್ಟುವವರೆಗೆ ಹೀಗೇ.

ಈಗ ಯಾವುದೋ ಆಸ್ಪತ್ರೆಯ ಮಂಚದಲ್ಲಿ ಯಾರಿಂದಲೋ ಇದನ್ನು ಓದಿಸಿಕೊಂಡು ಕೇಳುತ್ತಿರುವವರು ಇರಬಹುದು. ನಿಮಗೆ ಎಷ್ಟು ಬಲ ಬರುತ್ತದೆ ಎಂದು ಹೇಳುವ ಯೋಗ್ಯತೆ ನನಗಿಲ್ಲ. ನನಗೆ ಬಂದಷ್ಟರ ಲೆಕ್ಕ ಮಾತ್ರ ಒಪ್ಪಿಸುತ್ತೇನೆ: ಖಿಂಡಸಿಯ ಆ ಇಳಿಜಾರನ್ನು ಅತಿ ನಿಧಾನವಾಗಿ ಇಳಿದ ದಾಖಲೆ ನನ್ನದು. ಇರುವೆಗಳೂ ನನ್ನನ್ನು ಓವರ್‌ಟೇಕ್ ಮಾಡಿವೆ. ಯಾರಾದರೂ ಮುರಿಯುವುದಿದ್ದರೆ ಬರಲಿ, ಆದರೆ ಷರತ್ತು ಒಂದೇ. ನಿಂತ ಜಾಗದಲ್ಲೆಲ್ಲ ತಾವೇ ನಿಲ್ಲಿಸಿರಬೇಕು.